ಆನೆಕಾಲಿಗೆ ಮದ್ದು ಕೊಟ್ಟ ಸುಬ್ಬರಾಯರು

ನಮ್ಮ ಕರಾವಳಿಯ ಜನರಿಗೆ ಆನೆಕಾಲು ರೋಗದ ಪರಿಚಯ ಹೊಸತಲ್ಲ. ಮಲಯಾಳದಲ್ಲಿ ಮಂತು ಎಂದು ಕರೆಯುವ ಈ ಬೇನೆಯಿಂದ ಕಾಲು ಬಾತು, ಜೀವಮಾನವಿಡೀ ಅದನ್ನು ಎಳೆದುಕೊಂಡು ನಡೆದ ಹಿರಿಯರನ್ನು ಕಾಣದ ಊರು ಕಡಲ ಬದಿಯಲ್ಲಿ ಅಪರೂಪ. 2004ರಲ್ಲಿ ಭಾರತ ಸರಕಾರವು ಈ ರೋಗದ ನಿರ್ಮೂಲನಕ್ಕಾಗಿ ವರ್ಷಕ್ಕೊಮ್ಮೆ ಮಾತ್ರೆ ನುಂಗಿಸುವ ದೊಡ್ಡ ಯೋಜನೆಯನ್ನು ಕೈಗೊಂಡಾಗ, ಆರೋಗ್ಯ ಕಾರ್ಯಕರ್ತರು ರೋಗಪೀಡಿತ ಜಿಲ್ಲೆಗಳಲ್ಲಿ ಮನೆಮನೆಗೆ ಹಂಚಿದ್ದು ಡಿ.ಇ.ಸಿ. ಎಂಬ ಮಾತ್ರೆಯನ್ನು. ಅದನ್ನು ನುಂಗಿದ ಕೋಟ್ಯಂತರ ಜನರಲ್ಲಿ, ಆ ಮದ್ದು ಒಬ್ಬ ಭಾರತೀಯನ ಮುಂದಾಳುತನದಲ್ಲಿ ಹುಟ್ಟಿತೆಂದು ತಿಳಿದವರು ಎಷ್ಟು ಮಂದಿ? ಆತ ಡಾ. ಯಲ್ಲಾಪ್ರಗಡ ಸುಬ್ಬರಾಯರು. ನಾವೂ ಅವರೂ ಒಂದು ಕಾಲದಲ್ಲಿ ಒಂದೇ ಮದರಾಸು ಪ್ರಾಂತದವರು.

ಸುಬ್ಬರಾಯರು ಹುಟ್ಟಿದ್ದು 1895ನೆಯ ಇಸವಿ ಜನವರಿ 12ರಂದು, ಗೋದಾವರಿ ಸೀಮೆಯ ಭೀಮವರಂನಲ್ಲಿ. ತಂದೆ ಜಗನ್ನಾಥಂ, ತಾಯಿ ವೆಂಕಮ್ಮ. ಏಳು ಮಕ್ಕಳ ತುಂಬು ಸಂಸಾರ, ಆದರೆ ಕೈಯಲ್ಲಿ ಕಾಸಿಲ್ಲ. ಹುಡುಗನಿಗೆ ಓದಿಗಿಂತ ಹಣ ಸಂಪಾದನೆಯ ಮೇಲೆ ಕಣ್ಣು. ಹದಿಮೂರರ ಪ್ರಾಯದಲ್ಲಿ, ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಶ್ರೀಮಂತನಾಗುವೆನೆಂದು ಮನೆಬಿಟ್ಟು ಓಡಿದವನನ್ನು ಹಿಡಿದು ತಂದು ಮತ್ತೆ ಶಾಲೆಗೆ ಅಟ್ಟಿದರು. ತಂದೆ ತೀರಿಕೊಂಡ ಬಳಿಕ ವೆಂಕಮ್ಮನವರು ಮೈಮೇಲಿನ ಒಡವೆ ಮಾರಿ ಮಗನನ್ನು ಓದಿಸಿದರು. ಮೆಟ್ರಿಕ್ಯುಲೇಶನ್ ತೇರ್ಗಡೆಯಾದದ್ದು ಮೂರನೆಯ ಸಲಕ್ಕೆ, ಮದರಾಸಿನಲ್ಲಿ. ಮುಂದೆ ಪ್ರೆಸಿಡೆನ್ಸಿ ಕಾಲೇಜು. ಅಲ್ಲಿ ರಾಮಕೃಷ್ಣ ಮಠದ ಒಡನಾಟವಾಗಿ ಸನ್ಯಾಸ ಸ್ವೀಕರಿಸುವ ಮನಸ್ಸಾಯಿತು. ತಾಯಿ ಒಪ್ಪಲಿಲ್ಲ. ವೈದ್ಯನಾಗಿ ಜನಸೇವೆ ಮಾಡು ಎಂಬ ಮಠದವರ ಹಿತವಚನವೇ ಆತನನ್ನು ಮದರಾಸು ವೈದ್ಯಕೀಯ ಕಾಲೇಜಿನ ಬಾಗಿಲಿಗೆ ತಂದುಬಿಟ್ಟಿತು.

ಫೀಸಿನ ಪ್ರಶ್ನೆ ಹಾಗೆಯೇ ಉಳಿದಿತ್ತು. 1919ರಲ್ಲಿ ಶೇಷಗಿರಿ ಎಂಬ ಕನ್ಯೆಯೊಡನೆ ವಿವಾಹವಾಯಿತು. ಮಾವ ಕಸ್ತೂರಿ ಸೂರ್ಯನಾರಾಯಣಮೂರ್ತಿಗಳು ಅಳಿಯನ ಓದಿನ ಖರ್ಚಿಗೆ ಹೆಗಲು ಕೊಟ್ಟರು. ಅದು ಗಾಂಧೀಜಿಯ ಅಸಹಕಾರದ ಕಾಲ. ಸುಬ್ಬರಾಯರು ವಿದೇಶೀ ಬಟ್ಟೆ ಬಿಟ್ಟು, ಶಸ್ತ್ರಚಿಕಿತ್ಸೆಯ ಕೊಠಡಿಗೂ ಖಾದಿಯ ನಿಲುವಂಗಿ ತೊಟ್ಟು ಹೋದರು. ಶಸ್ತ್ರಚಿಕಿತ್ಸೆಯ ಪ್ರಾಧ್ಯಾಪಕ ಬ್ರಾಡ್‌ಫೀಲ್ಡ್ ಸಾಹೇಬರಿಗೆ ಇದು ಸಹಿಸಲಿಲ್ಲ. ಬರಹದ ಪರೀಕ್ಷೆಗಳಲ್ಲಿ ಚೆನ್ನಾಗಿಯೇ ಮಾಡಿದ್ದರೂ ಕೊನೆಗೆ ಕೈಗೆ ಬಂದದ್ದು ಎಂ.ಬಿ.ಬಿ.ಎಸ್. ಅಲ್ಲ, ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಒಂದು ಅಂಗಿ ಒಬ್ಬ ಮನುಷ್ಯನ ಬಾಳನ್ನು ಎಷ್ಟು ದೂರ ತಳ್ಳಬಹುದೆಂಬುದಕ್ಕೆ ಮುಂದಿನ ಕಥೆಯೇ ಸಾಕ್ಷಿ. ಆ ಪದವಿಯಿಂದ ಸರಕಾರಿ ವೈದ್ಯಸೇವೆಯಲ್ಲಿ ಕೆಲಸ ಸಿಗಲಿಲ್ಲ. ಡಾ. ಆಚಂಟ ಲಕ್ಷ್ಮೀಪತಿಗಳ ಆಯುರ್ವೇದ ಕಾಲೇಜಿನಲ್ಲಿ ಶರೀರಶಾಸ್ತ್ರ ಕಲಿಸುವ ಹುದ್ದೆ ಹಿಡಿದರು.

ಈ ನಡುವೆ ಸಂಸಾರದ ಮೇಲೆ ದೊಡ್ಡ ಬರಸಿಡಿಲು ಬಡಿದಿತ್ತು. ಅನ್ನ ಮೈಗೆ ಹತ್ತದೆ, ಭೇದಿಯಾಗಿ, ರಕ್ತ ತೆಳುವಾಗಿ ಮನುಷ್ಯ ಸವೆದುಹೋಗುವ ಗ್ರಹಣಿಯಂಥ ಒಂದು ರೋಗ. ಇಂಗ್ಲಿಷ್ ವೈದ್ಯರು ಅದನ್ನು ಸ್ಪ್ರೂ ಎನ್ನುತ್ತಿದ್ದರು. ಅದು ಸುಬ್ಬರಾಯರ ಇಬ್ಬರು ಸಹೋದರರನ್ನು ಕೆಲವೇ ದಿನಗಳ ಅಂತರದಲ್ಲಿ ಕೊಂಡೊಯ್ಯಿತು. ಸುಬ್ಬರಾಯರಿಗೂ ಅದೇ ತಗಲಿತು. ಲಕ್ಷ್ಮೀಪತಿಗಳ ಆಯುರ್ವೇದ ಚಿಕಿತ್ಸೆಯಿಂದ ಬದುಕಿಕೊಂಡರು. ಈ ರೋಗದ ಮೂಲವನ್ನು ಹುಡುಕಬೇಕೆಂಬ ಹಟ ಮನಸ್ಸಿನಲ್ಲಿ ಬೇರೂರಿದ್ದು ಆಗಲೇ.

ಹಟವಿದ್ದರೆ ಸಾಲದು, ದುಡ್ಡು ಬೇಕಲ್ಲ. ಭಾರತದಲ್ಲಿ ವೈದ್ಯ ಸಂಶೋಧನೆಗೆ ಹಣ ಕೊಡುವ ಒಂದು ನಿಧಿ 1911ರಲ್ಲೇ ಸ್ಥಾಪನೆಯಾಗಿತ್ತು. ಅದೇ 1949ರಲ್ಲಿ ಹೆಸರು ಬದಲಿಸಿ ಈಗಿನ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಾಯಿತು. ಆದರೆ ಆಯುರ್ವೇದ ಕಾಲೇಜಿನ ಒಬ್ಬ ಎಲ್.ಎಂ.ಎಸ್. ಉಪನ್ಯಾಸಕನಿಗೆ ಅಂಥ ಬಾಗಿಲು ತೆರೆಯುವ ಕಾಲ ಅದಾಗಿರಲಿಲ್ಲ. ಆತನ ಕೈ ಹಿಡಿದದ್ದು ಕಾಕಿನಾಡದ ಮಲ್ಲಾಡಿ ಸತ್ಯಲಿಂಗಂ ನಾಯಕರ್ ಧರ್ಮನಿಧಿ ಮತ್ತು ಮಾವನ ಮನೆಯವರು. ಗರ್ಭಿಣಿ ಮಡದಿಯನ್ನು ತೌರಿನಲ್ಲಿ ಬಿಟ್ಟು, ಕೆಲವೇ ವರ್ಷಗಳಲ್ಲಿ ಮರಳುವೆನೆಂದು ಸುಬ್ಬರಾಯರು 1920ರ ದಶಕದ ಆರಂಭದಲ್ಲಿ ಅಮೇರಿಕದ ಬೋಸ್ಟನ್ ನಗರಕ್ಕೆ ಹೊರಟರು. ಮರಳಿ ಬರಲಿಲ್ಲ. ಬಳಿಕ ಹುಟ್ಟಿದ ಗಂಡುಮಗು ವರ್ಷ ತುಂಬುವ ಮೊದಲೇ ತೀರಿಕೊಂಡಿತು. ತಂದೆ ಅದರ ಮುಖ ನೋಡಲಿಲ್ಲ. ಶೇಷಗಿರಿಯವರೂ ಗಂಡನನ್ನು ಮತ್ತೆ ಕಾಣಲಿಲ್ಲ. ಮಹಾಪುರುಷರ ಚರಿತ್ರೆ ಬರೆಯುವವರು ಈ ಸಂಗತಿಯನ್ನು ಒಂದು ಸಾಲಿನಲ್ಲಿ ದಾಟಿಬಿಡುವುದುಂಟು. ಸಂಶೋಧನೆಗೆ ಹಣ ಹೊಂದಿಸಿದವರ ಪಟ್ಟಿ ಮಾಡುವಾಗ ಆ ಹೆಂಗಸಿನ ಹೆಸರನ್ನೂ ಅದರಲ್ಲಿ ಸೇರಿಸಬೇಕೆಂದು ನನ್ನ ಅಭಿಪ್ರಾಯ.

ಬೋಸ್ಟನ್ನಿನಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಉಷ್ಣವಲಯ ರೋಗಗಳ ಶಾಲೆಗೆ ಸೇರಿದರು. ಅದರ ಮುಖ್ಯಸ್ಥ ರಿಚರ್ಡ್ ಸ್ಟ್ರಾಂಗ್ ಸಹೃದಯಿ. ಆದರೆ ಎಲ್.ಎಂ.ಎಸ್. ಪದವಿಗೆ ಅಲ್ಲಿ ಬೆಲೆಯಿಲ್ಲದ ಕಾರಣ ಆಸ್ಪತ್ರೆಯಲ್ಲಿ ವೈದ್ಯನಾಗಿ ಕೆಲಸ ದೊರೆಯಲಿಲ್ಲ. ಹೊಟ್ಟೆಪಾಡಿಗೆ ಒಂದು ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ಆಳಾಗಿ ರೋಗಿಗಳ ಮಲಮೂತ್ರದ ಪಾತ್ರೆ ತೊಳೆದರು. ಹಗಲು ಪಾಠ, ರಾತ್ರಿ ಪಾತ್ರೆ. ಡಿಪ್ಲೊಮಾ ಮುಗಿಸಿ, ಅದೇ ವಿಶ್ವವಿದ್ಯಾನಿಲಯದ ಜೀವರಸಾಯನ ವಿಭಾಗದಲ್ಲಿ ಸೈರಸ್ ಫಿಸ್ಕೆ ಎಂಬವರ ಕೈಕೆಳಗೆ ಸೇರಿದರು.

ಅಲ್ಲಿಂದ ಮುಂದಿನ ಐದಾರು ವರ್ಷ ವಿಜ್ಞಾನದ ಚರಿತ್ರೆಯಲ್ಲೇ ಫಲವತ್ತಾದ ಅವಧಿ. ರಕ್ತದಲ್ಲಿ, ಮೂತ್ರದಲ್ಲಿ ರಂಜಕ ಎಷ್ಟಿದೆಯೆಂದು ಅಳೆಯುವುದು ಆ ತನಕ ಬಹಳ ತೊಡಕಿನ ಕೆಲಸವಾಗಿತ್ತು. ಮಾದರಿಗೆ ಮಾಲಿಬ್ಡೇಟು ಬೆರೆಸಿ, ಇನ್ನೊಂದು ರಾಸಾಯನಿಕದಿಂದ ಅದಕ್ಕೆ ನೀಲಿ ಬಣ್ಣ ಬರಿಸಿ, ಆ ನೀಲಿಯ ಗಾಢತೆಯಿಂದ ರಂಜಕದ ಪ್ರಮಾಣವನ್ನು ಹೇಳುವ ಸುಲಭ ವಿಧಾನವನ್ನು ಫಿಸ್ಕೆ ಮತ್ತು ಸುಬ್ಬರಾಯರು 1925ರಲ್ಲಿ ಪ್ರಕಟಿಸಿದರು. ಇಬ್ಬರ ಹೆಸರಿನಲ್ಲೂ ಪ್ರಸಿದ್ಧವಾದ ಈ ವಿಧಾನವನ್ನು ಜಗತ್ತಿನ ಜೀವರಸಾಯನ ವಿದ್ಯಾರ್ಥಿಗಳೆಲ್ಲ ತಲೆಮಾರುಗಳ ಕಾಲ ಕಲಿತರು. ಅಳತೆಗೋಲು ಕೈಗೆ ಸಿಕ್ಕಿದ ಮೇಲೆ ಅದರಿಂದ ಸ್ನಾಯುಗಳನ್ನು ಪರೀಕ್ಷಿಸಲಾಗಿ, 1927ರಲ್ಲಿ ಫಾಸ್ಫೋಕ್ರಿಯಾಟಿನ್ ಎಂಬ ವಸ್ತು ಸಿಕ್ಕಿತು, 1929ರಲ್ಲಿ ಎ.ಟಿ.ಪಿ. ಸಿಕ್ಕಿತು. ನಾವು ಕೈ ಎತ್ತುವುದಕ್ಕೂ, ಹೃದಯ ಬಡಿಯುವುದಕ್ಕೂ ಬೇಕಾದ ಶಕ್ತಿಯ ಚಿಲ್ಲರೆ ನಾಣ್ಯವೇ ಈ ಎ.ಟಿ.ಪಿ. ಜರ್ಮನಿಯ ಕಾರ್ಲ್ ಲೋಹ್ಮನ್ನರೂ ಅದೇ ವರ್ಷ ಅದನ್ನು ಸ್ವತಂತ್ರವಾಗಿ ಕಂಡುಹಿಡಿದರು. ಗ್ಲೈಕೋಜನ್ನು ಲ್ಯಾಕ್ಟಿಕ್ ಆಮ್ಲವಾಗುವುದರಿಂದಲೇ ಸ್ನಾಯುವಿನ ಶಕ್ತಿ ಎಂದು ಸಾರಿದ್ದ ಹಿಲ್ ಮತ್ತು ಮೇಯರ್ಹಾಫ್ ಎಂಬ ಪಂಡಿತರಿಗೆ 1922ರ ನೊಬೆಲ್ ಬಹುಮಾನ ಬಂದಿತ್ತು. ಆ ಸಿದ್ಧಾಂತದ ಬುಡವನ್ನೇ ಈ ಶೋಧನೆಗಳು ಅಲುಗಿಸಿದವು. 1930ರಲ್ಲಿ ಸುಬ್ಬರಾಯರಿಗೆ ಪಿಎಚ್.ಡಿ. ಪದವಿ ದೊರೆಯಿತು.

ಇಷ್ಟಾದ ಮೇಲೆ ಅಧ್ಯಾಪಕ ಹುದ್ದೆ ತಾನಾಗಿ ಬರಬೇಕಿತ್ತಲ್ಲವೇ? ಬರಲಿಲ್ಲ. ಇನ್ನೂ ಹತ್ತು ವರ್ಷ ಅದೇ ಕಟ್ಟಡದಲ್ಲಿ ಕೆಳದರ್ಜೆಯ ತಾತ್ಕಾಲಿಕ ಕೆಲಸಗಳಲ್ಲೇ ಕಳೆದರು. ಅಂದಿನ ಅಮೇರಿಕದಲ್ಲಿ ಭಾರತೀಯನಿಗೆ ಪೌರತ್ವದ ಹಕ್ಕೇ ಇರಲಿಲ್ಲ. 1946ರ ಕಾನೂನು ಬರುವ ತನಕ ಅವರು ಅಲ್ಲಿ ಬರಿಯ ಪರದೇಶಿ. ಸ್ವಭಾವದಲ್ಲೂ ಮುಂದೆ ನುಗ್ಗಿ ತನ್ನದೆನ್ನುವವರಲ್ಲ. ಅದೇ ವಿಭಾಗದಲ್ಲಿ ಓದಿ, 1988ರಲ್ಲಿ ನೊಬೆಲ್ ಪಡೆದ ಜಾರ್ಜ್ ಹಿಚಿಂಗ್ಸ್ ಅವರು, ಸುಬ್ಬರಾಯರು ಬೇರ್ಪಡಿಸಿದ ಕೆಲವು ವಸ್ತುಗಳನ್ನು ಫಿಸ್ಕೆಯವರು ಮತ್ಸರದಿಂದ ಬೆಳಕಿಗೆ ಬಿಡಲಿಲ್ಲವೆಂದೂ, ಅವನ್ನು ಬೇರೆಯವರು ವರ್ಷಗಳ ಬಳಿಕ ಪುನಃ ಕಂಡುಹಿಡಿಯಬೇಕಾಯಿತೆಂದೂ ತಿಳಿಸಿದ್ದಾರೆ.

ಇಲ್ಲಿ ಒಂದು ಮಾತು ವಾಚಕರ ಗಮನಕ್ಕೆ ತರಬೇಕು. ಸಂಶೋಧನೆಗೆ ಇಳಿದ ಯುವ ವೈದ್ಯನಿಗೆ ಮೊದಲ ಕೆಲವು ವರ್ಷ ಗುರುವಿನ ಪ್ರಯೋಗಶಾಲೆಯೇ ಮನೆ. ಗಾಜಿನ ಸಾಮಾನು, ಇಲಿ ಮೊಲಗಳ ಮೇವು, ಸಹಾಯಕನ ಸಂಬಳ ಎಲ್ಲವೂ ಗುರುವಿನ ಲೆಕ್ಕದಿಂದ. ಹಾಗಿರುವಾಗ ಪ್ರಶ್ನೆಯೂ ಗುರುವಿನದೇ, ಉತ್ತರವೂ ಗುರುವಿನದೇ. ಅಲ್ಲಿಂದ ಹೊರಬಂದು ತನ್ನ ಸ್ವಂತ ಪ್ರಶ್ನೆ ಕೇಳಲು ಆತನಿಗೆ ಬೇಕಾದದ್ದು ಲಕ್ಷಗಟ್ಟಲೆ ಅಲ್ಲ. ಎರಡು ಮೂರು ವರ್ಷ ನಡೆಸುವಷ್ಟು, ಆದರೆ ಆತನ ಹೆಸರಿನಲ್ಲೇ ಇರುವ ಒಂದು ಸಣ್ಣ ಮೊತ್ತ. ಈಗ ಹಲವು ದೇಶಗಳಲ್ಲಿ ಇದಕ್ಕೆಂದೇ ಸಹಾಯಧನಗಳಿವೆ. ನಮ್ಮಲ್ಲೂ ಕೇಂದ್ರ ಸರಕಾರದ ಜೈವಿಕ ತಂತ್ರಜ್ಞಾನ ಇಲಾಖೆಯು ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟಿನೊಡನೆ ಸೇರಿ 2008ರಲ್ಲಿ ಆರಂಭಿಸಿದ ಫೆಲೋಶಿಪ್ಪುಗಳಲ್ಲಿ, ಈಗಷ್ಟೇ ಕಾಲೂರುವವರಿಗೆಂದೇ ಒಂದು ವರ್ಗವನ್ನು ಇಟ್ಟಿದ್ದರು. ಸುಬ್ಬರಾಯರ ಕಾಲದಲ್ಲಿ ಅಂಥದು ದುರ್ಲಭ.

ಅವರಿಗೆ ಆ ಸಣ್ಣ ಮೊತ್ತ ಬಂದದ್ದು ಅನಿರೀಕ್ಷಿತ ದಿಕ್ಕಿನಿಂದ. ಕೆಲವು ಬಗೆಯ ಮಾರಕ ರಕ್ತಹೀನತೆಗೆ ಪ್ರಾಣಿಗಳ ಯಕೃತ್ತನ್ನು ತಿನ್ನಿಸಿದರೆ ಗುಣವಾಗುತ್ತದೆಂದು 1926ರಲ್ಲೇ ಬೋಸ್ಟನ್ನಿನ ವೈದ್ಯರು ತೋರಿಸಿಕೊಟ್ಟಿದ್ದರು. ಆ ಯಕೃತ್ತಿನಲ್ಲಿ ಇರುವ ವಸ್ತು ಯಾವುದು? ಸೋದರರನ್ನು ಬಲಿ ತೆಗೆದುಕೊಂಡ ಸ್ಪ್ರೂ ರೋಗದಲ್ಲೂ ರಕ್ತ ಕೆಡುತ್ತಿದ್ದುದರಿಂದ ಸುಬ್ಬರಾಯರಿಗೆ ಈ ಪ್ರಶ್ನೆ ಮನೆಯ ಪ್ರಶ್ನೆಯಾಗಿತ್ತು. ಅವರು ಫಿಸ್ಕೆಯವರ ರಂಜಕವನ್ನು ಬದಿಗಿಟ್ಟು ಯಕೃತ್ತಿನ ಸಾರವನ್ನು ಸೋಸಲು ತೊಡಗಿದರು. ಇದಕ್ಕೆ ನೆರವು ಕೊಟ್ಟದ್ದು ಲೆಡರ್ಲಿ ಎಂಬ ಔಷಧ ತಯಾರಕರು. ವ್ಯಾಪಾರಿಗಳ ಹಣವೆಂದು ಮೂಗು ಮುರಿಯುವವರು ಮುರಿಯಲಿ. ವಿಶ್ವವಿದ್ಯಾನಿಲಯ ಕೊಡದ ಸ್ವಾತಂತ್ರ್ಯವನ್ನು ಆ ಹಣ ಕೊಟ್ಟಿತು. ಆ ಸೋಸುವಿಕೆಯಲ್ಲಿ ನಿಕೋಟಿನಿಕ್ ಆಮ್ಲ, ಪ್ಯಾಂಟೊಥೆನಿಕ್ ಆಮ್ಲ ಮೊದಲಾದ ಜೀವಸತ್ವಗಳ ಕುರಿತ ಬೆಲೆಬಾಳುವ ಕೆಲಸವಾಯಿತು. ಕೊನೆಗೆ 1940ರಲ್ಲಿ ಹಾರ್ವರ್ಡಿಗೆ ನಮಸ್ಕಾರ ಹೇಳಿ, ನ್ಯೂಯಾರ್ಕ್ ಸಂಸ್ಥಾನದ ಪರ್ಲ್ ರಿವರ್ ಎಂಬಲ್ಲಿದ್ದ ಲೆಡರ್ಲಿ ಪ್ರಯೋಗಶಾಲೆಗೇ ಹೋಗಿ ಸೇರಿದರು. ಸ್ವಲ್ಪ ಕಾಲದಲ್ಲೇ ಅಲ್ಲಿಯ ಸಂಶೋಧನಾ ವಿಭಾಗದ ನಿರ್ದೇಶಕರಾದರು. ಆಗ ಪ್ರಾಯ ನಲವತ್ತೈದು ದಾಟಿತ್ತು.

ಸ್ವಂತ ಪ್ರಯೋಗಶಾಲೆ ದೊರೆತ ಮನುಷ್ಯ ಮುಂದಿನ ಎಂಟು ವರ್ಷಗಳಲ್ಲಿ ಮಾಡಿಸಿದ ಕೆಲಸ ನೋಡಿದರೆ, ಹಿಂದಿನ ಹತ್ತು ವರ್ಷ ಎಷ್ಟು ನಷ್ಟವಾಯಿತೆಂದು ಹೊಟ್ಟೆ ಉರಿಯುತ್ತದೆ. 1945ರಲ್ಲಿ ಅವರ ತಂಡ ಫೋಲಿಕ್ ಆಮ್ಲವನ್ನು ಪ್ರಯೋಗಶಾಲೆಯಲ್ಲೇ ತಯಾರಿಸಿತು. ಅದು ಸ್ಪ್ರೂ ರೋಗಿಗಳ ರಕ್ತವನ್ನು ಸರಿಪಡಿಸುತ್ತದೆಂದು ಮರುವರ್ಷವೇ ಸಿದ್ಧವಾಯಿತು. ಅಣ್ಣತಮ್ಮಂದಿರು ತೀರಿಕೊಂಡು ಆಗ ಕಾಲು ಶತಮಾನವಾಗಿತ್ತು. ಇಂದು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಗರ್ಭಿಣಿಯರಿಗೆ ಕಬ್ಬಿಣದ ಜತೆ ಕೊಡುವ ಮಾತ್ರೆಯಲ್ಲಿ ಇರುವುದು ಇದೇ ಫೋಲಿಕ್ ಆಮ್ಲ.

ಯುದ್ಧಕಾಲದಲ್ಲಿ ಶಾಂತ ಮಹಾಸಾಗರದ ದ್ವೀಪಗಳಿಗೆ ಹೋದ ಅಮೇರಿಕದ ಸೈನಿಕರಿಗೆ ಆನೆಕಾಲಿನ ಹುಳಗಳು ಅಂಟಿದವು. ಅದಕ್ಕೆ ಮದ್ದು ಹುಡುಕುತ್ತ ಸುಬ್ಬರಾಯರ ಪ್ರಯೋಗಶಾಲೆಯವರು ಒಂದು ಜಾತಿಯ ಇಲಿಗಳಲ್ಲಿ ಅಂಥದೇ ಹುಳಗಳನ್ನು ಬೆಳೆಸಿ, ರಾಸಾಯನಿಕಗಳನ್ನು ಒಂದೊಂದಾಗಿ ಕೊಟ್ಟು ನೋಡಿದರು. 1947ರಲ್ಲಿ ಹೆಟ್ರಜಾನ್ ಎಂಬ ಹೆಸರಿನಲ್ಲಿ ಹೊರಬಂದದ್ದೇ ನಮ್ಮ ಡಿ.ಇ.ಸಿ. ಬಾತ ಕಾಲನ್ನು ಅದು ಇಳಿಸಲಾರದು. ಆದರೆ ರಕ್ತದಲ್ಲಿರುವ ಮರಿಹುಳಗಳನ್ನು ಕೊಲ್ಲುವುದರಿಂದ ಸೊಳ್ಳೆಯ ಮೂಲಕ ಇನ್ನೊಬ್ಬನಿಗೆ ಹರಡುವುದು ನಿಲ್ಲುತ್ತದೆ. ಊರಿಗೆ ಊರೇ ಮಾತ್ರೆ ನುಂಗಬೇಕೆನ್ನುವುದು ಈ ಕಾರಣದಿಂದ.

ಇನ್ನೊಂದು ಕಥೆಯಿದೆ. ಬೋಸ್ಟನ್ನಿನ ಮಕ್ಕಳ ಆಸ್ಪತ್ರೆಯ ಸಿಡ್ನಿ ಫಾರ್ಬರ್, ರಕ್ತದ ಕ್ಯಾನ್ಸರಿನಿಂದ ಸಾಯುತ್ತಿದ್ದ ಮಕ್ಕಳಿಗೆ ಫೋಲಿಕ್ ಆಮ್ಲದ ಜಾತಿಯ ವಸ್ತುಗಳನ್ನು ಕೊಟ್ಟಾಗ ರೋಗ ಉಲ್ಬಣಿಸಿದಂತೆ ಕಂಡಿತು. ಹಾಗಾದರೆ ಅದಕ್ಕೆ ವಿರುದ್ಧವಾಗಿ ವರ್ತಿಸುವ ವಸ್ತುವನ್ನು ಕೊಟ್ಟರೆ ಹೇಗೆ? ಸುಬ್ಬರಾಯರ ತಂಡ ಅಂಥವನ್ನು ತಯಾರಿಸಿ ಕಳುಹಿಸಿತು. ಅವುಗಳಲ್ಲಿ ಅಮಿನಾಪ್ಟರಿನ್ ಎಂಬುದು ಹದಿನಾರು ಮಕ್ಕಳಲ್ಲಿ ಹತ್ತು ಮಂದಿಗೆ ಸ್ವಲ್ಪ ಕಾಲದ ಮಟ್ಟಿಗಾದರೂ ಉಪಶಮನ ತಂದಿತೆಂದು 1948ರ ಜೂನ್‌ನಲ್ಲಿ ಪ್ರಕಟವಾಯಿತು. ಕ್ಯಾನ್ಸರಿಗೆ ಮದ್ದಿನ ಚಿಕಿತ್ಸೆ ಬೇರುಬಿಟ್ಟದ್ದು ಇಂಥ ಕೆಲಸಗಳಿಂದ. ಅದರ ಸೋದರನಾದ ಮೆಥೋಟ್ರೆಕ್ಸೇಟನ್ನು ಇಂದಿಗೂ ಕ್ಯಾನ್ಸರಿಗೂ ಸಂಧಿವಾತಕ್ಕೂ ಕೊಡುತ್ತಾರೆ. ಅದೇ ವರ್ಷ, ನಿವೃತ್ತಿಯ ನಂತರ ಲೆಡರ್ಲಿಗೆ ಬಂದಿದ್ದ ಸಸ್ಯಶಾಸ್ತ್ರಜ್ಞ ಬೆಂಜಮಿನ್ ಡಗ್ಗರ್ ಎಂಬ ಮುದುಕರು ಮಣ್ಣಿನ ಸೂಕ್ಷ್ಮಜೀವಿಯಿಂದ ತೆಗೆದ ಆರಿಯೋಮೈಸಿನ್ನಿನ ವಿಷಯವನ್ನು ಪ್ರಕಟಿಸಿದರು. ಟೆಟ್ರಾಸೈಕ್ಲಿನ್ ಕುಟುಂಬದ ಮೊದಲನೆಯದು. ತರುಣನಿಗೆ ಅವಕಾಶ ಸಿಗದ ದುಃಖ ಬಲ್ಲ ಸುಬ್ಬರಾಯರು ಎಪ್ಪತ್ತು ದಾಟಿದವರಿಗೂ ಮೇಜು ಕೊಡಲು ಹಿಂಜರಿಯಲಿಲ್ಲ.

ಹೆಸರಿನ ಆಸೆ ಅವರಿಗೆ ಇರಲಿಲ್ಲ. ತನ್ನ ಕೈಕೆಳಗಿನವರ ಲೇಖನಗಳಿಗೆ ತನ್ನ ಹೆಸರು ಸೇರಿಸುವ ಪದ್ಧತಿಯನ್ನು ಅವರು ಬಹುಮಟ್ಟಿಗೆ ಇಟ್ಟುಕೊಳ್ಳಲಿಲ್ಲ. ಫಿಸ್ಕೆಯವರ ಕೋಣೆಯಲ್ಲಿ ಕಲಿತ ಪಾಠವನ್ನು ತಿರುಗುಮುರುಗಾಗಿ ಪಾಲಿಸಿದರೆಂದು ತೋರುತ್ತದೆ. ಇದರ ಫಲವಾಗಿ ಮದ್ದುಗಳು ಪ್ರಸಿದ್ಧವಾದವು, ಮನುಷ್ಯ ಆಗಲಿಲ್ಲ. ಕಾನೂನು ಬದಲಾದ ಮೇಲೆಯೂ ಅವರು ಅಮೇರಿಕದ ಪೌರತ್ವ ಪಡೆಯಲಿಲ್ಲ.

1948ರ ಆಗಸ್ಟ್ ಎರಡನೆಯ ವಾರ, ಪರ್ಲ್ ರಿವರ್‌ನ ತನ್ನ ವಸತಿಯಲ್ಲಿ ರಾತ್ರಿ ಮಲಗಿದ ಸುಬ್ಬರಾಯರು ಬೆಳಿಗ್ಗೆ ಏಳಲಿಲ್ಲ. ಹೃದಯಾಘಾತ. ಪ್ರಾಯ ಐವತ್ತಮೂರು. ಭಾರತ ಸ್ವತಂತ್ರವಾಗಿ ಆಗ ಒಂದು ವರ್ಷವೂ ತುಂಬಿರಲಿಲ್ಲ. ಕೆಲವು ವರ್ಷಗಳ ಬಳಿಕ ಒಂದು ಶಿಲೀಂಧ್ರಕ್ಕೆ ಸುಬ್ಬರೋಮೈಸಿಸ್ ಎಂದು ನಾಮಕರಣ ಮಾಡಿದರು. ಹುಟ್ಟಿ ನೂರು ವರ್ಷವಾದ 1995ರಲ್ಲಿ ಭಾರತದ ಅಂಚೆ ಇಲಾಖೆ ಅವರ ಭಾವಚಿತ್ರದ ಅಂಚೆಚೀಟಿಯೊಂದನ್ನು ಹೊರತಂದಿತು.