ಡಾಕ್ಟರ್ ಮೇರಿ ವರ್ಗೀಸ್

ಅಂಗಬಲವು ಕುಂದಿದವರ ಬಾಳು ವ್ಯರ್ಥವೆಂದು ಲೋಕವು ಬೇಗನೆ ತೀರ್ಮಾನಿಸುವುದುಂಟು. ಈ ತೀರ್ಮಾನವು ಎಷ್ಟು ಅನ್ಯಾಯವಾದುದೆಂಬುದಕ್ಕೆ ಡಾಕ್ಟರ್ ಮೇರಿ ವರ್ಗೀಸರ ಚರಿತ್ರೆಯೇ ಸಾಕ್ಷಿ.

ಇವರು 1925ನೆಯ ಇಸವಿಯಲ್ಲಿ ಕೊಚ್ಚಿಯಲ್ಲಿ ಜನಿಸಿ, ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲಿ ವ್ಯಾಸಂಗಮಾಡಿ ವೈದ್ಯೆಯಾದರು. 1954ನೆಯ ಜನವರಿಯಲ್ಲಿ ಸಂಗಡಿಗರೊಡನೆ ಪ್ರಯಾಣಮಾಡುತ್ತಿರಲು ಮೋಟಾರು ಬಂಡಿಯು ಉರುಳಿಬಿದ್ದಿತು. ಬೆನ್ನುಹುರಿಗೆ ಪೆಟ್ಟಾಗಿ ಕಾಲುಗಳು ಶಾಶ್ವತವಾಗಿ ಸ್ವಾಧೀನ ತಪ್ಪಿದವು. ಆಗ ಇವರ ಪ್ರಾಯವು ಮೂವತ್ತನ್ನೂ ಮುಟ್ಟಿರಲಿಲ್ಲ.

ಕುಷ್ಠದಿಂದ ಮುರುಟಿದ ಕೈಗಳನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸುತ್ತಿದ್ದ ಪಾಲ್ ಬ್ರಾಂಡರು, ಆ ಕೆಲಸವನ್ನು ಕುಳಿತೇ ಮಾಡಬಹುದೆಂದು ಇವರಿಗೆ ತಿಳಿಸಿದರು. ಸಲಹೆಯು ಬ್ರಾಂಡರದು, ಒಪ್ಪಿಗೆಯು ಮೇರಿಯವರದು. ಗಾಲಿಕುರ್ಚಿಯಲ್ಲಿ ಕುಳಿತೇ ಇವರು ಅನೇಕ ರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ತರುವಾಯ ಆಸ್ಟ್ರೇಲಿಯದ ಪರ್ತ್ ನಗರದಲ್ಲಿಯೂ ನ್ಯೂಯಾರ್ಕಿನಲ್ಲಿಯೂ ಅಂಗವಿಕಲರ ಪುನಶ್ಚೇತನ ವಿದ್ಯೆಯನ್ನು ಕಂಡು ಕಲಿತು, 1963ರಲ್ಲಿ ವೆಲ್ಲೂರಿನಲ್ಲಿ ಆ ವಿಭಾಗದ ಮುಖ್ಯಸ್ಥೆಯಾದರು. 1966ರಲ್ಲಿ ಅಲ್ಲಿ ಪುನಶ್ಚೇತನ ಸಂಸ್ಥೆಯು ತೆರೆಯಿತು. ಮಂಚದಿಂದ ಕುರ್ಚಿಗೆ ತಾನಾಗಿ ಸರಿಯುವುದು, ಮೈಯಲ್ಲಿ ಒತ್ತುಹುಣ್ಣಾಗದಂತೆ ನೋಡಿಕೊಳ್ಳುವುದು, ಕೈಕಸಬು ಕಲಿಯುವುದು ಇವೆಲ್ಲವೂ ಅಂತಹ ಚಿಕಿತ್ಸೆಯ ಅಂಗಗಳು. 1972ರಲ್ಲಿ ಸರ್ಕಾರವು ಇವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತಿತು. 1986ರಲ್ಲಿ ಇವರು ದೈವಾಧೀನರಾದರು.

ಈ ಜೀವನವು ನಮ್ಮ ಮಲೆನಾಡಿಗೆ ದೂರವಾದುದಲ್ಲ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1975ರ ಸುಮಾರಿಗೆ ವೈದ್ಯರ ಗಮನಕ್ಕೆ ಬಂದ ರೋಗವು ಸೊಂಟ ಮತ್ತು ಮಂಡಿಗಳ ಕೀಲುಗಳನ್ನು ಹಿಡಿದು, ಎಳೆಯರನ್ನೂ ನಡೆಯದಂತೆ ಮಾಡುತ್ತದೆ. ಹೊಸನಗರ, ತೀರ್ಥಹಳ್ಳಿಗಳ ಕಡೆಯೂ ಅದಕ್ಕೆ ತುತ್ತಾದವರುಂಟು. ಅವರಲ್ಲಿ ಹೆಚ್ಚಿನವರು ಕೂಲಿಮಾಡಿ ಬಾಳುವ ಬಡವರು. ಅದು ವಂಶಪಾರಂಪರ್ಯವಾಗಿ ಬರುವುದು. ಮೂಲದಿಂದ ಗುಣಪಡಿಸುವ ಔಷಧವು ಇನ್ನೂ ದೊರೆತಿಲ್ಲ.

ಇಂತಹ ಮಗುವಿನ ವಿಷಯದಲ್ಲಿ ತೀರ್ಮಾನಿಸತಕ್ಕವರು ಯಾರು? ವೈದ್ಯರಿಗೆ ವಿದ್ಯೆಯಿದೆ, ತಂದೆತಾಯಿಗಳಿಗೆ ವಾತ್ಸಲ್ಯವಿದೆ. ಆದರೆ ನೋವನ್ನು ಅನುಭವಿಸುವುದು ಆ ಮಗುವೇ. ರಕ್ತವನ್ನು ಪರೀಕ್ಷೆಗೆ ತೆಗೆಯುವುದಾಗಲಿ, ಕೀಲಿಗೆ ಶಸ್ತ್ರಚಿಕಿತ್ಸೆ ಮಾಡುವುದಾಗಲಿ, ಅದರ ಕಾರಣ, ಫಲ, ಅಪಾಯಗಳನ್ನು ಅರ್ಥವಾಗುವ ಮಾತಿನಲ್ಲಿ ಮೊದಲು ತಿಳಿಸಬೇಕು. ಬುದ್ಧಿ ಬಲಿತಷ್ಟೂ ಅದರ ಮಾತಿಗೆ ಹೆಚ್ಚು ಬೆಲೆಯಿರಬೇಕು. ಬಡತನವನ್ನು ಕಂಡು ಒಪ್ಪಿಗೆ ಕೇಳದಿರುವುದು ಅಧರ್ಮ; ಗುಣವಾಗದೆಂದು ಕೈಬಿಡುವುದೂ ಅಧರ್ಮ.

ಪ್ರಿಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಕೆಲವರು ಮುಂದೆ ದಾದಿಯರೂ ವೈದ್ಯೆಯರೂ ಆಗುವಿರಿ. ರೋಗಿಯ ಹಾಸಿಗೆಯ ಬಳಿ ನಿಂತಾಗ, ಇವಳಿಂದ ಏನಾಗದೆಂದು ಎಣಿಸುವ ಮೊದಲು ಇವಳ ಇಚ್ಛೆಯೇನೆಂದು ಕೇಳಿರಿ.