ಎದುರಾಳಿಗೂ ಒಳ್ಳೆಯ ದೋಣಿ ಕಟ್ಟಿಕೊಟ್ಟ ಬಡಗಿ

ನನ್ನ ಸೇವಾವಧಿಯ ದೊಡ್ಡ ಪಾಲು ಸರ್ಕಾರಿ ಖರೀದಿಯ ಕಡತಗಳಲ್ಲಿ ಕಳೆಯಿತು. ಟೆಂಡರ್ ಕರೆಯುವುದು, ದರಗಳ ತುಲನಾತ್ಮಕ ಪಟ್ಟಿ ಸಿದ್ಧಪಡಿಸುವುದು, ಕನಿಷ್ಠ ದರ ನಮೂದಿಸಿದವರಿಗೆ ಕಾರ್ಯಾದೇಶ ನೀಡುವುದು. ಲೆಕ್ಕಪರಿಶೋಧಕರಿಂದ ನನಗೆ ಆಕ್ಷೇಪಣೆ ಬಂದದ್ದಿಲ್ಲ. ಆದರೂ ನಿವೃತ್ತಿಯ ನಂತರ ಒಂದು ಕಡತ ಆಗಾಗ ನೆನಪಾಗುತ್ತದೆ. 1990ರ ದಶಕದ ಕೊನೆಯಲ್ಲಿ, ಒಂದು ಜಿಲ್ಲೆಯ ಶಾಲೆಗಳಿಗೆ ಬೆಂಚುಗಳನ್ನು ಖರೀದಿಸಿದ ಕಡತ ಅದು. ಮಾದರಿಯಾಗಿ ತಂದಿಟ್ಟ ಬೆಂಚಿನ ಮರ ಇನ್ನೂ ಹಸಿಯಾಗಿದೆಯೆಂದು ಕಚೇರಿಯ ಜವಾನರೊಬ್ಬರು ಬೆರಳಿನಿಂದ ತಟ್ಟಿ ಹೇಳಿದ್ದರು. ಅವರ ತಂದೆ ಬಡಗಿ. ನಾನು ಕೇಳಿಸಿಕೊಂಡೆ, ದರ ಕಡಿಮೆಯಿತ್ತು, ಆರ್ಥಿಕ ವರ್ಷ ಮುಗಿಯುತ್ತಿತ್ತು, ಸಹಿ ಹಾಕಿದೆ. ಎರಡು ಮಳೆಗಾಲಗಳಲ್ಲಿ ಬೆಂಚುಗಳು ಸೊಟ್ಟಗಾದವು. ಮಕ್ಕಳು ಮತ್ತೆ ನೆಲದ ಮೇಲೆ ಕುಳಿತರು.

ಈ ಕಡತ ಮತ್ತೊಮ್ಮೆ ನೆನಪಾದದ್ದು ಅಮೆರಿಕದ ಸಿಯಾಟಲ್‌ನಲ್ಲಿ, ಮಗಳ ಮನೆಗೆ ಹೋಗಿದ್ದಾಗ. ಅಲ್ಲಿನ ವಾಷಿಂಗ್ಟನ್ ವಿಶ್ವವಿದ್ಯಾಲಯದ ದೋಣಿಮನೆಯಲ್ಲಿ ಉದ್ದನೆಯ ಮರದ ದೋಣಿಯೊಂದನ್ನು ಚಾವಣಿಗೆ ತೂಗುಹಾಕಿದ್ದಾರೆ. ನಮ್ಮ ಹರಿಗೋಲು ಬುಟ್ಟಿಯಂತೆ ದುಂಡಗಿದ್ದರೆ, ಇದು ಸುಮಾರು 60 ಅಡಿ ಉದ್ದ, ಎರಡಡಿ ಅಗಲದ, ಎಂಟು ಜನ ಹುಟ್ಟು ಹಾಕುವ ಸೂಜಿಯಂಥ ದೋಣಿ. ಹೆಸರು ಹಸ್ಕಿ ಕ್ಲಿಪ್ಪರ್. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಈ ದೋಣಿಯನ್ನು ಕಟ್ಟಿದವರು ಜಾರ್ಜ್ ಪೋಕಾಕ್. ಹುಟ್ಟು ಹಾಕಿದ ಹುಡುಗರ ಕಥೆ 2013ರಲ್ಲಿ ಪುಸ್ತಕವಾಗಿ, 2023ರಲ್ಲಿ ಚಲನಚಿತ್ರವಾಗಿ ಜಗತ್ತಿಗೆ ತಿಳಿಯಿತು. ನನ್ನ ಮನಸ್ಸು ನಿಂತದ್ದು ಬಡಗಿಯ ಬಳಿ.

ಪೋಕಾಕ್ ಹುಟ್ಟಿದ್ದು 1891ರಲ್ಲಿ, ಇಂಗ್ಲೆಂಡಿನ ಥೇಮ್ಸ್ ನದಿಯ ದಂಡೆಯ ಕಿಂಗ್‌ಸ್ಟನ್ನಿನಲ್ಲಿ. ತಂದೆ ಏರನ್, ಶ್ರೀಮಂತರ ಮಕ್ಕಳು ಓದುವ ಈಟನ್ ಶಾಲೆಗೆ ದೋಣಿ ಕಟ್ಟಿಕೊಡುತ್ತಿದ್ದ ಕುಶಲಕರ್ಮಿ. ಜಾರ್ಜ್ ಮತ್ತು ಸಹೋದರ ಡಿಕ್ ತಂದೆಯ ಕೈಕೆಳಗೇ ಕಸುಬು ಕಲಿತರು. ತಂದೆಯ ಕೆಲಸ ಕೈತಪ್ಪಿದಾಗ ಮನೆಗೆ ಹೊರೆಯಾಗಬಾರದೆಂದು 1911ರಲ್ಲಿ ಇಬ್ಬರೂ ಕೆನಡಾದ ವ್ಯಾಂಕೂವರ್‌ಗೆ ಹಡಗು ಹತ್ತಿದರು. ಸಿಕ್ಕ ಕೂಲಿ ಕೆಲಸ ಮಾಡಿ, ಕೊನೆಗೆ ಬಂದರಿನ ನೀರಿನ ಮೇಲೆ ತೇಲುವ ಒಂದು ಕೊಟ್ಟಿಗೆಯಲ್ಲಿ ದೋಣಿ ಕಟ್ಟತೊಡಗಿದರು.

ಅಲ್ಲಿಗೆ ಅವರನ್ನು ಹುಡುಕಿಕೊಂಡು ಬಂದವರು ವಾಷಿಂಗ್ಟನ್ ವಿಶ್ವವಿದ್ಯಾಲಯದ ತರಬೇತುದಾರ ಹೈರಮ್ ಕಾನಿಬೇರ್. ಎಂಟು ಹುಟ್ಟಿನ ಹನ್ನೆರಡು ದೋಣಿಗಳು ಬೇಕೆಂದರು. ಇದನ್ನು ನಂಬಿದ ಸಹೋದರರು ಸಹಾಯಕ್ಕೆ ತಂದೆಯನ್ನೂ ಕರೆಸಿಕೊಂಡರು. ಆಮೇಲೆ ತಿಳಿದದ್ದು, ಹಣವಿರುವುದು ಒಂದೇ ದೋಣಿಗೆ ಎಂದು. ಮಂಜೂರಾತಿಗೆ ಮುನ್ನವೇ ಬೇಡಿಕೆ ಸಲ್ಲಿಸುವ ಅಧಿಕಾರಿಗಳು ಎಲ್ಲ ದೇಶಗಳಲ್ಲೂ ಇರುತ್ತಾರೆ. ಪೋಕಾಕ್ ಕುಟುಂಬ ವ್ಯಾಜ್ಯಕ್ಕೆ ಹೋಗಲಿಲ್ಲ. ಸಿಯಾಟಲ್‌ಗೆ ಬಂದು ಆ ಒಂದು ದೋಣಿಯನ್ನು ಕಟ್ಟಿತು. ಕಾನಿಬೇರ್‌ಗೆ ದೋಣಿ ಕ್ರೀಡೆಯ ಅನುಭವ ಅಷ್ಟಾಗಿ ಇರಲಿಲ್ಲ. ಥೇಮ್ಸ್ ನದಿಯ ವೃತ್ತಿಪರ ಅಂಬಿಗರು ಹುಟ್ಟು ಎಳೆಯುವ ಕ್ರಮವನ್ನು ಅವರಿಗೆ ತೋರಿಸಿಕೊಟ್ಟವರಲ್ಲಿ ಪೋಕಾಕ್ ಪ್ರಮುಖರು. ಮುಂದೆ ಆ ಶೈಲಿ ಕಾನಿಬೇರ್ ಹೆಸರಿನಲ್ಲೇ ಪ್ರಸಿದ್ಧವಾಯಿತು.

1916ರಲ್ಲಿ ಈ ಕೆಲಸಗಾರಿಕೆಯನ್ನು ಕಂಡ ವಿಲಿಯಂ ಬೋಯಿಂಗ್, ತಮ್ಮ ಸಮುದ್ರವಿಮಾನಗಳಿಗೆ ಮರದ ತೇಲುಗಳನ್ನು ಮಾಡಲು ಸಹೋದರರನ್ನು ನೇಮಿಸಿಕೊಂಡರು. ಬೆಳೆಯುತ್ತಿದ್ದ ಕಂಪನಿ, ಮೇಲ್ವಿಚಾರಕನ ಹುದ್ದೆ, ಖಚಿತ ಸಂಬಳ. 1922ರ ಕೊನೆಯಲ್ಲಿ ಅದನ್ನೆಲ್ಲ ಬಿಟ್ಟು ಪೋಕಾಕ್ ದೋಣಿಗೇ ಮರಳಿದರು. ಡಿಕ್ ಯೇಲ್ ವಿಶ್ವವಿದ್ಯಾಲಯಕ್ಕೆ ಹೋದರು. ನೌಕಾಪಡೆ 1918ರಲ್ಲಿ ಕಟ್ಟಿಸಿದ ವಿಮಾನ ಕೊಟ್ಟಿಗೆಯೊಂದು ವಾಷಿಂಗ್ಟನ್‌ನ ದೋಣಿಮನೆಯಾಗಿತ್ತು. ಅದರ ಮಹಡಿಯಲ್ಲಿ ಪೋಕಾಕ್ ಉಳಿ ಹಿಡಿದು ಕುಳಿತರು. 1923ರಲ್ಲಿ ಅವರ ದೋಣಿಯಲ್ಲಿ ವಾಷಿಂಗ್ಟನ್ ತಂಡ ನ್ಯೂಯಾರ್ಕ್ ರಾಜ್ಯದ ಪೊಕೀಪ್ಸಿಯಲ್ಲಿ ರಾಷ್ಟ್ರೀಯ ಸ್ಪರ್ಧೆಯನ್ನು ಗೆದ್ದಿತು. ಪಶ್ಚಿಮ ಕರಾವಳಿಯ ತಂಡವೊಂದು ಅಲ್ಲಿ ಗೆದ್ದದ್ದು ಅದೇ ಮೊದಲು.

ಅಲ್ಲಿಯವರೆಗೆ ದೋಣಿಯ ಹೊರಮೈಗೆ ಆಮದು ಮರವೇ ಬಳಕೆಯಲ್ಲಿತ್ತು. 1927ರಲ್ಲಿ ಪೋಕಾಕ್ ಸುತ್ತಲ ಕಾಡಿನಲ್ಲೇ ಬೆಳೆಯುವ ಪಶ್ಚಿಮದ ಕೆಂಪು ಸೀಡರ್ ಮರಕ್ಕೆ ಬದಲಾದರು. ಕೆಲವೇ ಮಿಲಿಮೀಟರ್ ದಪ್ಪದ ಹಲಗೆಯನ್ನು ಹಬೆಯಲ್ಲಿ ಮೃದುಗೊಳಿಸಿ ಚೌಕಟ್ಟಿಗೆ ಬಗ್ಗಿಸಿ ಕೂರಿಸುತ್ತಿದ್ದರು. ತೇವಾಂಶಕ್ಕೆ ಸೀಡರ್ ಹಿಗ್ಗಲೆತ್ನಿಸುತ್ತದೆ. ಒಳಗಿನ ಚೌಕಟ್ಟು ಬಿಡುವುದಿಲ್ಲ. ಈ ಎಳೆದಾಟದಿಂದ ದೋಣಿಯ ಎರಡೂ ತುದಿಗಳು ತುಸು ಮೇಲಕ್ಕೆ ಬಾಗಿ ನಿಲ್ಲುತ್ತವೆ, ನೀರಿನಲ್ಲಿ ದೋಣಿಗೆ ಒಂದು ಪುಟಿತ ಬರುತ್ತದೆ. ಮರದ ಸ್ವಭಾವವನ್ನು ಅರಿತವನಿಗೆ ತೇವವೂ ಸಹಾಯಕ್ಕೆ ಬಂತು. ನನ್ನ ಬೆಂಚುಗಳಲ್ಲಿ ಅದೇ ತೇವ ಮಾಡಿದ್ದೇನೆಂದು ಮೇಲೆ ಹೇಳಿದ್ದೇನೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನ್ನನ್ನು ಹೆಚ್ಚು ಸೆಳೆದದ್ದು ಪೋಕಾಕ್ ಅವರ ವ್ಯಾಪಾರ. ಕಾಲಕ್ರಮದಲ್ಲಿ ಅಮೆರಿಕದ ಬಹುಪಾಲು ವಿಶ್ವವಿದ್ಯಾಲಯಗಳು ಅವರಿಂದಲೇ ದೋಣಿ ಕೊಂಡವು. ವಾಷಿಂಗ್ಟನ್‌ನ ಕಡುವೈರಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವೂ ಅವರ ಗಿರಾಕಿ. ಒಂದು ತಂಡದ ಮನೆಯೊಳಗೇ ಕುಳಿತು ಅದರ ಎದುರಾಳಿಗಳಿಗೆಲ್ಲ ದೋಣಿ ಕಟ್ಟಿಕೊಡುವವನನ್ನು ನಂಬುವುದು ಹೇಗೆ? ಕ್ಯಾಲಿಫೋರ್ನಿಯಾದ ತರಬೇತುದಾರ ಎಬ್ರೈಟ್, ತಮಗೆ ಕೀಳು ದರ್ಜೆಯ ದೋಣಿ ಬರುತ್ತಿದೆಯೆಂದು ಒಮ್ಮೆ ಅನುಮಾನಿಸಿದರು. ಪೋಕಾಕ್ ನೊಂದರು, ಆದರೆ ಅವರಿಗೆ ದೋಣಿ ಕಟ್ಟುವುದನ್ನು ನಿಲ್ಲಿಸಲಿಲ್ಲ, ಕೆಲಸದಲ್ಲಿ ಕೈ ಹಿಡಿಯಲೂ ಇಲ್ಲ. ಎಬ್ರೈಟ್‌ರ ತಂಡಗಳು 1928, 1932 ಮತ್ತು 1948ರಲ್ಲಿ ಒಲಿಂಪಿಕ್ ಚಿನ್ನ ಗೆದ್ದವು. ಅನುಮಾನಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಿರಲಿಲ್ಲ.

1970ರಲ್ಲಿ ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞರು ಒಂದು ಪ್ರಬಂಧ ಬರೆದರು. ಸರಕಿನ ಗುಣ ಮಾರುವವನಿಗೆ ಮಾತ್ರ ತಿಳಿದಿದ್ದು ಕೊಳ್ಳುವವನಿಗೆ ತಿಳಿಯದಿದ್ದರೆ, ಕಳಪೆ ಸರಕು ಒಳ್ಳೆಯದನ್ನು ಮಾರುಕಟ್ಟೆಯಿಂದಲೇ ಹೊರದಬ್ಬುತ್ತದೆ ಎಂಬುದು ಅದರ ಸಾರ. ಅದಕ್ಕಾಗಿ 2001ರಲ್ಲಿ ಅವರು ನೊಬೆಲ್ ಪುರಸ್ಕಾರದಲ್ಲಿ ಪಾಲು ಪಡೆದರು. ಬಣ್ಣ ಬಳಿದ ಬೆಂಚಿನ ಒಳಗಿನ ಹಸಿ ನನಗೆ ಕಾಣದಂತೆ, ಮೆರುಗು ಹಚ್ಚಿದ ದೋಣಿಯ ಒಳಗಿನ ಬೆಸುಗೆ ತರಬೇತುದಾರನಿಗೆ ಕಾಣುವುದಿಲ್ಲ. ಅಲ್ಲಿ ಇದ್ದ ಭದ್ರತೆ ಒಬ್ಬ ಕೆಲಸಗಾರನ ಆತ್ಮಸಾಕ್ಷಿಯೊಂದೇ.

ಬರ್ಲಿನ್ನಿನ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. ಆಯ್ಕೆ ಸ್ಪರ್ಧೆ ಗೆದ್ದ ಹುಡುಗರಿಗೆ, ಪ್ರಯಾಣಕ್ಕೆ 5,000 ಡಾಲರ್ ತಾವೇ ಹೊಂದಿಸಬೇಕೆಂಬ ಸೂಚನೆ ಬಂತು. ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲೂ ಸಿಯಾಟಲ್‌ನ ಜನ ಆ ಹಣ ಕೂಡಿಸಿದರು. ದೋಣಿಯ ಜೊತೆಗೆ ಪೋಕಾಕ್ ಕೂಡ ಹಡಗಿನಲ್ಲಿ ಹೋದರು. ಆಗಸ್ಟ್ 14ರಂದು ಗಾಳಿಗೆ ತೆರೆದ ಆರನೆಯ ಪಥ ವಾಷಿಂಗ್ಟನ್ ತಂಡದ ಪಾಲಿಗೆ ಬಂತು. ಗಾಳಿಯ ಮರೆಯ ಪಥಗಳು ಜರ್ಮನಿಗೆ, ಇಟಲಿಗೆ. ಕೊನೆಯಲ್ಲಿದ್ದ ತಂಡ 6 ನಿಮಿಷ 25.4 ಸೆಕೆಂಡಿನಲ್ಲಿ ಮೊದಲಿಗರಾಗಿ ಗುರಿ ಮುಟ್ಟಿತು. ಇಟಲಿ 0.6 ಸೆಕೆಂಡ್, ಜರ್ಮನಿ ಒಂದು ಸೆಕೆಂಡ್ ಹಿಂದೆ. ಹಿಟ್ಲರ್ ನೋಡುತ್ತಿದ್ದ.

ಪೋಕಾಕ್ 1976ರಲ್ಲಿ ತೀರಿಕೊಂಡರು. ಮಗ ಸ್ಟ್ಯಾನ್ ದೋಣಿಗಳನ್ನು ಫೈಬರ್‌ಗ್ಲಾಸ್ ಯುಗಕ್ಕೆ ತಂದರು. ಇಂದು ಸ್ಪರ್ಧೆಯಲ್ಲಿ ಮರದ ದೋಣಿಗಳಿಲ್ಲ.

ಆದರೆ ಕೊಳ್ಳುವವನ ಕಷ್ಟ ಹಾಗೆಯೇ ಇದೆ. ರಾಜ್ಯದಲ್ಲಿ 1999ರಲ್ಲಿ ಪಾರದರ್ಶಕ ಖರೀದಿ ಕಾಯ್ದೆ ಬಂತು. 2021ರಲ್ಲಿ ಕೇಂದ್ರ ಹಣಕಾಸು ಸಚಿವಾಲಯ, ಆಯ್ದ ಖರೀದಿಗಳಲ್ಲಿ ದರದ ಜೊತೆಗೆ ಗುಣಮಟ್ಟಕ್ಕೂ ಅಂಕ ನೀಡುವ ಅವಕಾಶವನ್ನು ವಿಸ್ತರಿಸಿತು. ಎರಡೂ ಸ್ವಾಗತಾರ್ಹ. ಇವುಗಳ ಜೊತೆಗೆ ಒಂದು ಸಣ್ಣ ಪದ್ಧತಿ ಬರಲಿ ಎಂಬುದು ನನ್ನ ಸಲಹೆ. ಸರಕನ್ನು ಬಳಸುವವರು, ಉದಾಹರಣೆಗೆ ಶಾಲೆಯ ಮುಖ್ಯೋಪಾಧ್ಯಾಯರು, ಎರಡು ವರ್ಷಗಳ ನಂತರ ಅದರ ಸ್ಥಿತಿಯನ್ನು ಬರೆದು ಕಳಿಸಲಿ; ಮುಂದಿನ ಟೆಂಡರಿನ ಕಡತದಲ್ಲಿ ಆ ಪತ್ರ ಮೊದಲ ಪುಟವಾಗಲಿ. ಕಸುಬು ಬಲ್ಲ ಒಬ್ಬರ ಮಾತನ್ನೂ ಟಿಪ್ಪಣಿಯಲ್ಲಿ ದಾಖಲಿಸಲಿ. ನಮ್ಮ ಜವಾನರ ಮಾತನ್ನು ಅಂದು ನಾನು ದಾಖಲಿಸಿದ್ದರೆ, ಆ ಕಡತಕ್ಕೆ ಸಹಿ ಹಾಕಲು ನನ್ನ ಕೈ ಬರುತ್ತಿರಲಿಲ್ಲ.