ದೀಸೆ, ದೋಸೆ ಅಂದ ಕಪ್ತಾನ

ಹೋದ ತಿಂಗಳು ಫೋರ್ಟಿನಲ್ಲಿರುವ ಒಂದು ಆಡಿಟರ್ ಆಫೀಸಿಗೆ ಆರ್ಟಿಕಲ್ಡ್ ಕ್ಲಾರ್ಕ್ ಕೆಲಸ ಕೇಳಲು ಹೋಗಿದ್ದೆ. ಮೇಜಿನ ಆಚೆ ಇಬ್ಬರು ಕೂತಿದ್ದರು. ವಸೂಲಾಗದ ಸಾಲವನ್ನು ಲೆಕ್ಕದಲ್ಲಿ ಹೇಗೆ ತೋರಿಸುತ್ತೀ ಎಂದು ಕೇಳಿದರು. ಉತ್ತರ ಗೊತ್ತಿತ್ತು. ನಡುರಾತ್ರಿ ಎಬ್ಬಿಸಿ ಕೇಳಿದ್ದರೂ ಹೇಳ್ತಿದ್ದೆ. ಆದರೆ ಬಾಯಿ ತೆರೆದವನು ಡೆಬ್ಟ್ ಅಂದುಬಿಟ್ಟೆ, ನಡುವಿನ ಬಿ ಅಕ್ಷರ ಸಮೇತ. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದವನಿಗೆ ಬರೆದದ್ದನ್ನೆಲ್ಲ ಓದಬೇಕು ಅನ್ನುವುದೇ ಅಭ್ಯಾಸ. ಒಬ್ಬರು ನಕ್ಕರು. ಇನ್ನೊಬ್ಬರು ನಗಲಿಲ್ಲ, ನನ್ನ ಕಾಗದಗಳನ್ನು ಮಡಚಿ ವಾಪಸು ಕೊಟ್ಟರು. ನಗದೇ ಇದ್ದವರ ಮೇಲೆಯೇ ನಂಗೆ ಹೆಚ್ಚು ಸಿಟ್ಟು. ಇನ್ನು ಈ ಓದೂ ಬೇಡ, ಪರೀಕ್ಷೆಯೂ ಬೇಡ, ಮಾವನ ಹೋಟೆಲಿನ ಗಲ್ಲಾದಲ್ಲಿ ಕೂತರೆ ಸಾಕು ಎಂದುಕೊಂಡು ಲೋಕಲ್ ಹತ್ತಿದೆ.

ಆ ವಾರವೇ ಲೈಬ್ರರಿಯಲ್ಲಿ ಜೋಸೆಫ್ ಕಾನ್ರಾಡ್‌ನ ಜೀವನಚರಿತ್ರೆ ಕೈಗೆ ಸಿಕ್ಕಿತು. ಬಿ.ಎ. ಮಾಡುವ ಗೆಳೆಯರಿಗೆ ಈತ ಪಠ್ಯಪುಸ್ತಕದ ದೊಡ್ಡ ಇಂಗ್ಲಿಷ್ ಕಾದಂಬರಿಕಾರ. ನಾನು ಕಾಮರ್ಸಿನವ, ಹೆಸರು ಮಾತ್ರ ಕೇಳಿದ್ದೆ. ಇಂಗ್ಲಿಷ್ ಅವನ ಮೂರನೆಯ ಭಾಷೆ ಎಂದು ಮೊದಲ ಪುಟಗಳಲ್ಲೇ ಓದಿ ಪುಸ್ತಕವನ್ನು ಮನೆಗೆ ತಂದೆ.

ಅವನ ನಿಜವಾದ ಹೆಸರನ್ನು ಬರೆಯುವುದೇ ಒಂದು ಕಷ್ಟ: ಯೂಸೆಫ್ ಟಿಯೊಡೋರ್ ಕೊನ್ರಾಡ್ ಕೊಝೆನ್ಯೋವ್‌ಸ್ಕಿ. ಹುಟ್ಟಿದ್ದು 1857ರ ಡಿಸೆಂಬರ್ 3ರಂದು ಬೆರ್ದಿಚೆವ್ ಊರಿನಲ್ಲಿ. ಈಗ ಅದು ಉಕ್ರೇನಿನಲ್ಲಿದೆ, ಆಗ ರಷ್ಯದ ಚಕ್ರವರ್ತಿಯ ಕೈಯಲ್ಲಿತ್ತು. ಮನೆಮಾತು ಪೋಲಿಷ್. ಅಪ್ಪ ಕವಿ, ಷೇಕ್ಸ್‌ಪಿಯರನನ್ನು ಪೋಲಿಷಿಗೆ ಅನುವಾದಿಸಿದವ. ಪೋಲೆಂಡಿನ ಸ್ವಾತಂತ್ರ್ಯಕ್ಕಾಗಿ ದುಡಿದದ್ದಕ್ಕೆ ಅವನನ್ನು 1862ರಲ್ಲಿ ಹೆಂಡತಿ ಮಗುವಿನ ಸಮೇತ ರಷ್ಯದ ವೊಲೊಗ್ದಾಕ್ಕೆ ಗಡೀಪಾರು ಮಾಡಿದರು. ಹುಡುಗನಿಗೆ ಏಳು ವರ್ಷವಾಗಿದ್ದಾಗ ತಾಯಿ ತೀರಿಕೊಂಡಳು, ಹನ್ನೊಂದಕ್ಕೆ ತಂದೆ. ಆಮೇಲೆ ಸಾಕಿದ್ದು ಸೋದರಮಾವ. ದುಡ್ಡು ಕಳಿಸುವುದು, ಜೊತೆಗೆ ಬುದ್ಧಿ ಹೇಳುವ ಉದ್ದುದ್ದ ಕಾಗದ ಬರೆಯುವುದು. ಮಾವಂದಿರು ಎಲ್ಲ ದೇಶದಲ್ಲೂ ಒಂದೇ ಥರ ಕಾಣ್ತದೆ.

ಹದಿನಾರಕ್ಕೆ ಅವನು ಹಡಗಿನ ಹುಚ್ಚು ಹಿಡಿದು ಫ್ರಾನ್ಸಿನ ಮಾರ್ಸೇಲಿಗೆ ಹೋದ. ಫ್ರೆಂಚ್ ಅವನಿಗೆ ಚಿಕ್ಕಂದಿನಲ್ಲೇ ಕಲಿಸಿದ ಭಾಷೆ. ಅಲ್ಲಿ ಸಾಲ ಮಾಡಿಕೊಂಡ. ಒಮ್ಮೆ ಎದೆಗೆ ಗುಂಡು ಹಾರಿಸಿಕೊಂಡು ಹೇಗೋ ಬದುಕಿದ. ಫ್ರೆಂಚ್ ಹಡಗುಗಳಲ್ಲಿ ಮುಂದುವರಿಯಲು ಕಾಗದಪತ್ರದ ತೊಡಕು ಬಂತು. ಹಾಗಾಗಿ ಬ್ರಿಟಿಷ್ ಹಡಗು ಹತ್ತಿ 1878ರ ಜೂನಿನಲ್ಲಿ ಇಂಗ್ಲೆಂಡಿನ ಲೋಸ್ಟಾಫ್ಟ್ ಬಂದರಿನಲ್ಲಿ ಇಳಿದ. ಆಗ ಅವನಿಗೆ ಇಪ್ಪತ್ತು ವರ್ಷ. ನನಗೀಗ ಆಗಿರುವಷ್ಟೇ. ಇಂಗ್ಲಿಷ್ ಬರುತ್ತಿದ್ದುದು ನಾಲ್ಕು ಮಾತು, ಅಷ್ಟೇ. ಇಲ್ಲಿ ಪುಸ್ತಕ ಮುಚ್ಚಿ ಒಂದು ಕಪ್ ಚಾ ಕುಡಿದು ಬಂದೆ.

ಮುಂದಿನದು ನಿಧಾನವಾಗಿ ಓದಬೇಕಾದ ಭಾಗ. ಅವನ ಮೊದಲ ಮೇಷ್ಟ್ರುಗಳು ಕಲ್ಲಿದ್ದಲು ಸಾಗಿಸುವ ಸಣ್ಣ ಹಡಗೊಂದರ ಖಲಾಸಿಗಳು. ಬಾಯಲ್ಲಿ ಕಲಿತದ್ದು ಅವರಿಂದ, ಉಳಿದದ್ದೆಲ್ಲ ಕಣ್ಣಿನಿಂದ. ಪತ್ರಿಕೆ ಓದಿದ. ದುಡಿದ ಕಾಸಿನಲ್ಲಿ ಐದು ಷಿಲಿಂಗಿನ ಷೇಕ್ಸ್‌ಪಿಯರ್ ಸಂಪುಟ ಕೊಂಡು, ರಿಪೇರಿಗೆ ನಿಂತ ಹಡಗಿನಲ್ಲಿ ಸುತ್ತಿಗೆಗಳ ಸದ್ದಿನ ನಡುವೆ ಓದಿದ. ಕಣ್ಣಿನಿಂದ ಕಲಿತವನ ಪಾಡು ನಮಗೆ ಗೊತ್ತಲ್ಲ. ಕಾಗದದ ಮೇಲಿದ್ದ ಅಕ್ಷರವನ್ನೆಲ್ಲ ಅವನ ನಾಲಿಗೆ ಹೇಳಿಬಿಡುತ್ತಿತ್ತು. ದೀಸ್, ದೋಸ್ ಪದಗಳ ಕೊನೆಯ ಇ ಅಕ್ಷರವನ್ನೂ ಬಿಡದೆ ಉಚ್ಚರಿಸುವ ಚಾಳಿ ಅವನಿಗೆ ಕೊನೆಯತನಕ ಹೋಗಲಿಲ್ಲ ಎಂದು ಕಾದಂಬರಿಕಾರ ಎಚ್.ಜಿ. ವೆಲ್ಸ್ ಬರೆದಿಟ್ಟಿದ್ದಾನೆ. ಅಂದರೆ ದೀಸೆ, ದೋಸೆ! ಉಡುಪಿ ಹೋಟೆಲಿನಲ್ಲಿ ಬೆಳೆದ ನಾನು ಇದನ್ನೋದಿ ಎಷ್ಟು ನಕ್ಕೆನೆಂದರೆ ಅತ್ತೆ ಒಳಗಿನಿಂದ ಬಂದು ನೋಡಿದರು. ಶಲ್ ಎಲ್ಲಿ, ವಿಲ್ ಎಲ್ಲಿ ಎಂಬ ಗೊಂದಲವೂ ಅವನಿಗಿತ್ತಂತೆ. ಇನ್ನು ಎ, ಆನ್, ದ. ನಮ್ಮ ಕನ್ನಡದ ಹಾಗೆ ಪೋಲಿಷಿನಲ್ಲೂ ಅವು ಇಲ್ಲವೇ ಇಲ್ಲ. ಇಲ್ಲದ ವಸ್ತುವನ್ನು ಎಲ್ಲಿ ಇಡಬೇಕು ಅಂತ ಹೇಗೆ ಗೊತ್ತಾಗಬೇಕು ಮಾರಾಯ್ರೇ?

1884ರಲ್ಲಿ ಅವನು ನಮ್ಮ ಮುಂಬಯಿಗೇ ಬಂದಿದ್ದ. ಕಪ್ತಾನನ ಜೊತೆ ಜಗಳವಾಗಿ ಮದರಾಸಿನಲ್ಲಿ ಹಡಗು ಬಿಟ್ಟು, ಕೆಲಸ ಹುಡುಕುತ್ತ ಇಲ್ಲಿಗೆ ಬಂದ. ನಾವಿಕರ ವಸತಿಗೃಹದ ವರಾಂಡದಲ್ಲಿ ಕೂತಿದ್ದಾಗ ಬಂದರಿಗೆ ಬರುತ್ತಿದ್ದ ನಾರ್ಸಿಸಸ್ ಎಂಬ ಚೆಂದದ ಹಡಗು ಕಂಡು, ಅದರಲ್ಲೇ ಸೆಕೆಂಡ್ ಮೇಟ್ ಆಗಿ ಸೇರಿಕೊಂಡ ಎನ್ನುತ್ತಾರೆ. ಆ ವಸತಿಗೃಹ ಈಗ ರೀಗಲ್ ಟಾಕೀಸಿನ ಎದುರಿನ ಪೊಲೀಸ್ ಪ್ರಧಾನ ಕಚೇರಿ. ಎಷ್ಟು ಸಲ ಅದರ ಮುಂದೆ ಬಸ್ಸಿಗೆ ಕಾದಿದ್ದೇನೋ! ಹದಿಮೂರು ವರ್ಷದ ಮೇಲೆ ಆ ಪಯಣವನ್ನೇ ಕಾದಂಬರಿ ಮಾಡಿದ. ಅದರ ಹೆಸರಿನಲ್ಲಿ ಕರಿಯರನ್ನು ಹೀಗಳೆಯುವ ಪದವಿದೆ, ನಾನು ಬರೆಯುವುದಿಲ್ಲ.

ಅಧಿಕಾರಿ ಪರೀಕ್ಷೆಗಳಲ್ಲಿ ಸೆಕೆಂಡ್ ಮೇಟಿನದು 1880ರಲ್ಲಿ ಆಯಿತು. ಫಸ್ಟ್ ಮೇಟ್ ಪರೀಕ್ಷೆಯಲ್ಲೂ ಕಪ್ತಾನ ಪರೀಕ್ಷೆಯಲ್ಲೂ ಮೊದಲ ಸಲ ಫೇಲಾದ. ಇಂಗ್ಲಿಷಿನಿಂದಲ್ಲ, ಲೆಕ್ಕದಿಂದ! ಕಾಮರ್ಸಿನವರು ಇದನ್ನು ಗಮನಿಸಬೇಕು. 1886ರಲ್ಲಿ ಕಪ್ತಾನನಾದ, ಅದೇ ವರ್ಷ ಬ್ರಿಟಿಷ್ ಪ್ರಜೆಯೂ ಆದ. ಮುಂದೆ ಬರೆದ ಆತ್ಮಕಥನದಲ್ಲಿ ಪಾಸಾದದ್ದನ್ನು ಮಾತ್ರ ಹೇಳಿಕೊಂಡಿದ್ದಾನೆ. ನಾವೂ ಊರಿಗೆ ಕಾಗದ ಬರೆಯುವಾಗ ಹಾಗೇ ಅಲ್ಲವೇ.

1889ರಲ್ಲಿ ಲಂಡನ್ನಿನಲ್ಲಿ ಕೆಲಸವಿಲ್ಲದೆ ಕೂತಿದ್ದಾಗ ಬರೆಯಲು ಹಿಡಿದ ಮೊದಲ ಕಾದಂಬರಿ ಆಲ್ಮೇಯರ್ಸ್ ಫಾಲಿ. ಆ ಹಸ್ತಪ್ರತಿಯನ್ನು ಕಾಂಗೋ ನದಿಯವರೆಗೂ ಹೊತ್ತು ತಿರುಗಿದ. ಅಚ್ಚಾದದ್ದು 1895ರಲ್ಲಿ. ಆಮೇಲಿನ ಹಾರ್ಟ್ ಆಫ್ ಡಾರ್ಕ್‌ನೆಸ್, ಲಾರ್ಡ್ ಜಿಮ್, ನೊಸ್ಟ್ರೋಮೊಗಳ ಬಗ್ಗೆ ಬಿ.ಎ.ಯವರು ಬರೆಯಲಿ. ನನ್ನ ಕುತೂಹಲ ಬೇರೆ. ಇಷ್ಟೆಲ್ಲ ಬರೆದವನಿಗೆ ಮಾತು ಸಲೀಸಾಯಿತೇ? ಆಗಲಿಲ್ಲ. ಅವನ ಫ್ರೆಂಚ್ ಉಚ್ಚಾರ ಚೆನ್ನಾಗಿದ್ದು ಇಂಗ್ಲಿಷ್ ಅಷ್ಟು ಒರಟಾಗಿದ್ದುದನ್ನು ಕೇಳಿ ಫ್ರೆಂಚ್ ಕವಿ ವಾಲೆರಿಗೆ ಸೋಜಿಗವಾಗಿತ್ತು. 1910ರಲ್ಲಿ ಒಂದು ಜಗಳದಲ್ಲಿ ಅವನ ಸಾಹಿತ್ಯ ಏಜೆಂಟ್ ಪಿಂಕರ್, ನೀನು ಆಡುತ್ತಿರುವುದು ಇಂಗ್ಲಿಷೇ ಅಲ್ಲ ಎಂಬರ್ಥದ ಮಾತನಾಡಿದ. ಹನ್ನೆರಡಕ್ಕೂ ಹೆಚ್ಚು ಇಂಗ್ಲಿಷ್ ಪುಸ್ತಕ ಬರೆದವನಿಗೆ! ಅದರ ಬೆನ್ನಿಗೇ ಕಾನ್ರಾಡ್ ಹಾಸಿಗೆ ಹಿಡಿದ. ಜ್ವರದ ಕನವರಿಕೆಯಲ್ಲಿ ತನ್ನ ಕಾದಂಬರಿಯ ಪಾತ್ರಗಳ ಜೊತೆ ಮಾತಾಡುತ್ತಿದ್ದ, ಹೆಚ್ಚಾಗಿ ಪೋಲಿಷಿನಲ್ಲಿ. ಪಿಂಕರನ ಆ ಮಾತನ್ನು ಅವನು ಮರೆಯಲಿಲ್ಲ.

ಜ್ವರ ಬಂದರೆ ಅವನ ಇಂಗ್ಲಿಷ್ ಹೋಗಿಬಿಡುತ್ತಿತ್ತು. 1896ರಲ್ಲಿ ಮದುವೆಯಾದ ಹೊಸತರಲ್ಲೂ ಹೀಗಾಗಿ, ಒಂದಕ್ಷರ ತಿಳಿಯದ ಹೆಂಡತಿ ಜೆಸ್ಸಿ ಹೆದರಿ ಕೂತಿದ್ದಳು. ಎಮಿ ಫಾಸ್ಟರ್ ಕತೆಯಲ್ಲಿ ಪರದೇಶಿಯೊಬ್ಬ ಜ್ವರದಲ್ಲಿ ತನ್ನ ಮಾತಿನಲ್ಲಿ ನೀರು ಕೇಳುತ್ತಾನೆ. ಹೆಂಡತಿ ಅರ್ಥವಾಗದೆ ಮಗುವನ್ನೆತ್ತಿಕೊಂಡು ಓಡಿಹೋಗುತ್ತಾಳೆ. ಅವನ ಕತೆಗಳಲ್ಲಿ ನಾನು ಪೂರ್ತಿ ಓದಿದ್ದು ಇದೊಂದೇ, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ನಾಲ್ಕು ರಾತ್ರಿ.

ಇತ್ತ ಪೋಲೆಂಡಿನವರಿಗೂ ಅವನ ಮೇಲೆ ಸಿಟ್ಟಿತ್ತು. 1899ರಲ್ಲಿ ಎಲಿಝಾ ಒಝೆಶ್ಕೋವಾ ಎಂಬ ಹಿರಿಯ ಲೇಖಕಿ, ದುಡ್ಡಿಗಾಗಿ ಇಂಗ್ಲಿಷಿನಲ್ಲಿ ಬರೆದು ತಾಯ್ನಾಡಿಗೆ ದ್ರೋಹ ಮಾಡಿದವನೆಂದು ಪತ್ರಿಕೆಯಲ್ಲಿ ಬೈದಳು. ಅವನ ಪೋಲಿಷ್ ಕೊನೆಯವರೆಗೂ ಚೆನ್ನಾಗಿಯೇ ಇತ್ತು. ಆದರೆ ಇಬ್ಬರು ಗಂಡುಮಕ್ಕಳಿಗೆ ಅದು ಬರಲಿಲ್ಲ. ಇದು ನನಗೆ ಪಿಂಕರನ ಮಾತಿಗಿಂತ ಹೆಚ್ಚು ಚುಚ್ಚಿತು. ಮಾವನ ಮಕ್ಕಳು ನನ್ನ ಜೊತೆ ತುಳುವನ್ನೂ ಆಡುವುದಿಲ್ಲ, ಕನ್ನಡವನ್ನೂ ಓದುವುದಿಲ್ಲ. ಅವರ ಇಂಗ್ಲಿಷ್ ಮಾತ್ರ ನೀರು ಹರಿದ ಹಾಗೆ. ಅದನ್ನು ಕಂಡು ಹೊಟ್ಟೆಕಿಚ್ಚುಪಡುವವನೂ ನಾನೇ.

1923ರಲ್ಲಿ, ಅರವತ್ತೈದನೇ ವಯಸ್ಸಿನಲ್ಲಿ, ನ್ಯೂಯಾರ್ಕಿನ ಒಂದು ಶ್ರೀಮಂತರ ಮನೆಯಲ್ಲಿ ತನ್ನ ವಿಕ್ಟರಿ ಕಾದಂಬರಿಯಿಂದ ಓದಿದ. ಜನರೆದುರು ನಿಲ್ಲುವುದೆಂದರೆ ಅವನಿಗೆ ಭಯ. ಉಚ್ಚಾರ ಕೆಲವರಿಗೆ ತಿಳಿಯಲಿಲ್ಲ. ಆದರೂ ಕೊನೆಯ ಭಾಗಕ್ಕೆ ಬಂದಾಗ ಕೇಳುಗರು ಮೂಗೊರೆಸಿಕೊಳ್ಳುವ ಸದ್ದು ಕೇಳಿಸಿತಂತೆ. ಮರುವರ್ಷ ಸರ್ ಪದವಿ ಕೊಡಲು ಬಂದರೆ ಬೇಡವೆಂದ. 1924ರ ಆಗಸ್ಟ್ 3ರಂದು ತೀರಿಕೊಂಡ. ಕ್ಯಾಂಟರ್ಬರಿಯಲ್ಲಿ ಮಣ್ಣು ಮಾಡಿದರು. ಸಮಾಧಿಯ ಕಲ್ಲಿನಲ್ಲಿ ಅವನ ಹೆಸರಿನ ಟಿಯೊಡೋರ್ ತಪ್ಪಾಗಿ ಕೆತ್ತಿದೆ. ಈ ಸಲ ತಪ್ಪಿದ್ದು ಇಂಗ್ಲಿಷರದು.

ಬರುವ ಸೋಮವಾರ ಇನ್ನೊಂದು ಆಡಿಟರ್ ಆಫೀಸಿನಿಂದ ಕರೆ ಬಂದಿದೆ. ಮಾವನಿಗೆ ಗಲ್ಲಾದ ವಿಷಯ ಇನ್ನೂ ಹೇಳಿಲ್ಲ. ರಾತ್ರಿ ಹೋಟೆಲು ಮುಚ್ಚಿದ ಮೇಲೆ, ರುಬ್ಬುವ ಕಲ್ಲಿನ ಸದ್ದಿನಲ್ಲಿ ಯಾರಿಗೂ ಕೇಳದ ಹಾಗೆ, ಬಿ ನುಂಗಿ ಡೆಟ್, ಡೆಟ್ ಅಂತ ಹೇಳಿಕೊಳ್ತಾ ಇದ್ದೇನೆ.